ಅಕ್ಕ ಆರಿಸಿಕೊಟ್ಟ ಊರು

“ಅಲ್ಲಿ ಎಂತ ಉಂಟು, ಇಲ್ಲಿ ಇಲ್ಲದ್ದು?” ಎಂದು ಅಪ್ಪ ಕೇಳಿದರು.

ಪುತ್ತೂರಿನ ದರ್ಬೆಯ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಕೂತಿದ್ದೆವು. ಅಪ್ಪ ಸರಕಾರಿ ಬಸ್ಸಿನ ಡ್ರೈವರ್. ಡ್ಯೂಟಿ ಮುಗಿಸಿ ಬಂದವರು ಖಾಕಿ ಅಂಗಿಯ ಗುಂಡಿ ಬಿಚ್ಚಿ ಚಾ ಕುಡಿಯುತ್ತಿದ್ದರು. ನಾನು ಕಂಪ್ಯೂಟರ್ ಸೈನ್ಸಿನಲ್ಲಿ ಇಂಜಿನಿಯರಿಂಗ್ ಮುಗಿಸಿದ್ದೆ ಅಷ್ಟೆ. ಮುಂದಿನ ಓದಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಮಂಗಳೂರಿನಲ್ಲಿ, ಇನ್ನೊಂದು ಕೋಲ್ಕತ್ತದಲ್ಲಿ. ಎರಡರಲ್ಲಿ ಒಂದನ್ನು ಆ ವಾರದೊಳಗೆ ಹೇಳಬೇಕಿತ್ತು. ನಾನು ಕೋಲ್ಕತ್ತ ಎಂದಿದ್ದೆ.

ಅಪ್ಪ ಊರುಗಳನ್ನು ಬಸ್ಸಿನಿಂದ ಅಳೆಯುತ್ತಿದ್ದರು. ಒಂದೇ ಬಸ್ಸಿನಲ್ಲಿ ಕೂತು ಮುಟ್ಟಬಹುದಾದ ಊರು ಹತ್ತಿರದ್ದು, ಇಳಿದು ಇನ್ನೊಂದು ಬಸ್ಸು ಹತ್ತಬೇಕಾದ್ದು ದೂರದ್ದು. ಕೋಲ್ಕತ್ತ ಈ ಅಳತೆಗೆ ಸಿಗಲೇ ಇಲ್ಲ.

“ಅಲ್ಲಿ ಒಬ್ಬರು ಪ್ರೊಫೆಸರ್ ಇದ್ದಾರೆ ಅಪ್ಪ. ಕಂಪ್ಯೂಟರಿಗೆ ನಮ್ಮ ಭಾಷೆಗಳನ್ನು ಕಲಿಸುದು ಅವರ ಕೆಲಸ. ನನಗೆ ಅದೇ ಮಾಡ್ಬೇಕು ಅಂತ.”

ಅದು ಸುಳ್ಳಲ್ಲ. ಆದರೆ ಅಂಥ ಕೆಲಸ ಮಾಡುವವರು ಮಂಗಳೂರಿನಲ್ಲೂ ಇದ್ದರು. ಬಾಗಿಲ ಹತ್ತಿರ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಅಮ್ಮ ಕೈ ನಿಲ್ಲಿಸದೆ ಕೇಳಿದಳು, “ಅಲ್ಲಿ ಊಟಕ್ಕೆ ಎಂತ?”

“ಅನ್ನ, ಮೀನು. ಕುಚ್ಚಲಕ್ಕಿಯೂ ಸಿಗ್ತದೆ.”

“ಮೀನು ಉಂಟಲ್ಲ. ಹಾಗಾದರೆ ಅಡ್ಡಿ ಇಲ್ಲ” ಎಂದಳು ಅಮ್ಮ. ಅವಳ ಮಟ್ಟಿಗೆ ಪ್ರಶ್ನೆ ಮುಗಿದಿತ್ತು. ಅಪ್ಪನ ಮಟ್ಟಿಗೆ ಮುಗಿದಿರಲಿಲ್ಲ. ಅವರು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ನಾನು ಫೋನು ನೋಡಿದೆ.

ನಮ್ಮ ಮನೆಯ ಮಾತು ತುಳು. ಇಲ್ಲಿ ನಮ್ಮೂರ ಕನ್ನಡದಲ್ಲಿ ಬರೆದುಕೊಂಡಿದ್ದೇನೆ. ಆದರೆ ಅಪ್ಪನಿಗೆ ಕೊಡಬೇಕಿದ್ದ ಉತ್ತರ ನನ್ನ ಬಳಿ ತುಳುವಿನಲ್ಲೂ ಇರಲಿಲ್ಲ, ಕನ್ನಡದಲ್ಲೂ ಇರಲಿಲ್ಲ. ‘ಸಲಿಂಗಿ’ ಎಂಬ ಪದವನ್ನು ಪತ್ರಿಕೆಯಲ್ಲಿ ಓದಿದ್ದೆ, ಯಾರ ಬಾಯಲ್ಲೂ ಕೇಳಿರಲಿಲ್ಲ. ಇಂಗ್ಲಿಷಿನ ‘ಗೇ’ ಕಾಲೇಜಿನಲ್ಲಿ ದಿನಾ ಕೇಳುತ್ತಿತ್ತು. ಅದು ಯಾರನ್ನಾದರೂ ನಗೆಪಾಟಲು ಮಾಡಬೇಕಾದಾಗ ಬಳಸುವ ಮಾತು.

ಗೆಳೆಯರೆಲ್ಲ ಕಾಲೇಜು ಆರಿಸುವಾಗ ರ‍್ಯಾಂಕಿಂಗ್, ಕ್ಯಾಂಪಸ್ ಸೆಲೆಕ್ಷನ್, ಹಾಸ್ಟೆಲಿನ ಊಟ ಇಷ್ಟನ್ನು ವಿಚಾರಿಸುತ್ತಿದ್ದರು. ನಾನೂ ವಿಚಾರಿಸಿದೆ. ಆಮೇಲೆ ಯಾರೂ ಇಲ್ಲದಾಗ ಫೋನಿನಲ್ಲಿ ಬೇರೆ ಪ್ರಶ್ನೆಗಳನ್ನು ಹಾಕಿ ಹುಡುಕುತ್ತಿದ್ದೆ. ಆ ಹಾಸ್ಟೆಲಿನಲ್ಲಿ ನನ್ನಂಥವರನ್ನು ಕಾಡಿಸುತ್ತಾರಾ? ಆ ಊರಿನಲ್ಲಿ ಇಬ್ಬರು ಗಂಡಸರು ಒಂದು ಮನೆ ಬಾಡಿಗೆಗೆ ಕೇಳಿದರೆ ಕೊಡುತ್ತಾರಾ? ಹುಷಾರಿಲ್ಲವೆಂದು ಹೋದರೆ ಮುಖ ಸಿಂಡರಿಸದ ಡಾಕ್ಟರು ಇದ್ದಾರಾ? ಹುಡುಕಿ ಮುಗಿದ ಮೇಲೆ ಎಲ್ಲ ಅಳಿಸಿಬಿಡುತ್ತಿದ್ದೆ. ಒಂದು ದಿನ ಕೋಲ್ಕತ್ತದ ಆ ಯೂನಿವರ್ಸಿಟಿಯ ವಿದ್ಯಾರ್ಥಿಗಳು ಹಾಕಿದ್ದ ಚಿತ್ರ ಸಿಕ್ಕಿತು. ಕೆಲವು ಹುಡುಗರು, ಹುಡುಗಿಯರು ಮೆಟ್ಟಿಲ ಮೇಲೆ ಕೂತು ಪೇಪರಿನ ಪೊಟ್ಟಣದಿಂದ ಏನೋ ತಿನ್ನುತ್ತಿದ್ದಾರೆ, ಪಕ್ಕದಲ್ಲಿ ನನ್ನಂಥವರ ಮೆರವಣಿಗೆಯ ಕಾಮನಬಿಲ್ಲಿನ ಬಣ್ಣದ ಬಾವುಟ ಮಡಚಿ ಬಿದ್ದಿದೆ. ನನ್ನ ಕಣ್ಣು ಹೋದದ್ದು ಅವರ ಕಾಲಿನ ಕಡೆಗೆ. ಎಲ್ಲರೂ ಹವಾಯಿ ಚಪ್ಪಲಿ ಹಾಕಿದ್ದರು. ನಾವು ಅಂಗಡಿಗೆ ಹೋಗುವಾಗ ಹಾಕುವಂಥದ್ದು. ಹೀಗೆ ಬದುಕುವವರು ಯಾವುದೋ ಸಿರಿವಂತರ ಲೋಕದವರು ಎಂದು ನಾನು ತಿಳಿದುಕೊಂಡಿದ್ದೆ. ಆ ಚಪ್ಪಲಿ ನೋಡಿದ ಮೇಲೆ, ಅಲ್ಲಿ ನಾನೂ ಹೋಗಿ ಕೂತುಕೊಳ್ಳಬಹುದು ಅನ್ನಿಸಿತು.

ಮಂಗಳೂರು ಯಾಕೆ ಬೇಡ ಎಂಬುದಕ್ಕೂ ಕಾರಣವಿತ್ತು. ಹಿಂದಿನ ವರ್ಷ ಫೋನಿನಲ್ಲೇ ಪರಿಚಯವಾದ ಒಬ್ಬನನ್ನು ನೋಡಲು ಮಂಗಳೂರಿಗೆ ಹೋಗಿದ್ದೆ. ಅಷ್ಟು ದೂರ ಹೋಗಿ ಸಿಕ್ಕಿದರೆ, ಆತ ನಮ್ಮ ತಾಲೂಕಿನ ಈಶ್ವರಮಂಗಲದವನು! ಇಬ್ಬರಿಗೂ ನಗು ಬಂತು. ಬೀಚಿನಲ್ಲಿ ಕಡಲೆ ತಿನ್ನುತ್ತ ಕೂತೆವು. ಅವನು ಅವನ ಊರಿನ ಬಗ್ಗೆ, ಮನೆಯಲ್ಲಿ ಅಜ್ಜಿ ಮಾತಾಡುವ ಮಲಯಾಳದ ಬಗ್ಗೆ ಹೇಳಿದ. ಹೊರಡುವಾಗ ಬಸ್ ಸ್ಟ್ಯಾಂಡಿನವರೆಗೂ ಬಂದು ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡ. ಅಷ್ಟೆ. ಬಸ್ಸು ಹತ್ತಿ ಕೂತರೆ ಕಂಡಕ್ಟರು ಅಪ್ಪನ ಜತೆ ಕೆಲಸ ಮಾಡಿದವರು.

“ಯಾರು ಮಾರಾಯ ಅದು, ನಿನ್ನೊಟ್ಟಿಗೆ ಇದ್ದದ್ದು?”

ಅವರು ಪ್ರೀತಿಯಿಂದಲೇ ಕೇಳಿದ್ದು. “ಕ್ಲಾಸ್‌ಮೇಟ್” ಎಂದೆ. ಪುತ್ತೂರು ಬರುವವರೆಗೆ ಬೆವರುತ್ತಿದ್ದೆ. ಮರುದಿನ ಆ ಹುಡುಗನಿಗೆ ನಡೆದದ್ದನ್ನು ಹೇಳಿದೆ. ಅವನೂ ಹೆದರಿದ. ಆಮೇಲೆ ಅವನ ಮೆಸೇಜು ಬರಲಿಲ್ಲ. ನಮ್ಮ ಕಡೆ ಓಡುವ ಬಸ್ಸುಗಳಲ್ಲಿ ಅಪ್ಪನ ಪರಿಚಯದವರು ಇಲ್ಲದ ಬಸ್ಸೇ ಇಲ್ಲ. ಅವರೆಲ್ಲ ಒಳ್ಳೆಯವರು. ಅದೇ ನನ್ನ ಕಷ್ಟ.

ಇಷ್ಟನ್ನೂ ನಾನು ಹೇಳಿಕೊಂಡದ್ದು ಅಕ್ಕನ ಹತ್ತಿರ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಪುತ್ತೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನೀಶಿಯನ್. ರಕ್ತ ತೆಗೆಯುವಾಗ ಮಕ್ಕಳು ಕಿರುಚಿದರೂ ಅವಳ ಕೈ ಅಲುಗುವುದಿಲ್ಲ. ಚಿಕ್ಕಂದಿನಲ್ಲಿ ನನಗೆ ಈಜು ಕಲಿಸಿದವಳು ಅವಳು. ಪರೀಕ್ಷೆಯಲ್ಲಿ ಮಾರ್ಕು ಕಮ್ಮಿಯಾದಾಗ ಅಪ್ಪನ ಎದುರು ನಿಂತು ಮಾತಾಡಿದವಳೂ ಅವಳೇ. ಆ ವರ್ಷ ಅವಳಿಗೆ ಸುಳ್ಯದ ಕಡೆಯ ಒಂದು ಮನೆಗೆ ಮಾತುಕತೆ ಮುಗಿದಿತ್ತು. ಹುಡುಗ ಒಂದು ಸೊಸೈಟಿಯಲ್ಲಿ ಕೆಲಸದಲ್ಲಿದ್ದ. ಮನೆಯವರು ತೋಟದವರು, ಮನೆಯಲ್ಲಿ ಅರೆಭಾಷೆ ಮಾತಾಡುವವರು. ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ಆ ಮಾತನ್ನು ಅಭ್ಯಾಸ ಮಾಡುತ್ತಿದ್ದಳು. ನಾವು ‘ಉಂಟು’ ಅನ್ನುವುದಕ್ಕೆ ಅವರು ‘ಉಟ್ಟು’ ಅನ್ನುತ್ತಾರೆ ಎಂದು ಹೇಳಿ ನಗುತ್ತಿದ್ದಳು. ಅವಳಿಗೆ ಆ ಹುಡುಗ ತುಂಬ ಹಿಡಿಸಿದ್ದ.

ಅಪ್ಪ ಆ ಪ್ರಶ್ನೆ ಕೇಳಿದ ಮರುದಿನ ಭಾನುವಾರ. ಪೆರಾಬೆಯಲ್ಲಿರುವ ಸೋದರತ್ತೆಗೆ ನಿಶ್ಚಿತಾರ್ಥದ ಸೀರೆ ಕೊಟ್ಟು ಬನ್ನಿ ಎಂದು ಅಮ್ಮ ನಮ್ಮಿಬ್ಬರನ್ನೂ ಕಳಿಸಿದಳು. ಅಕ್ಕನ ಸ್ಕೂಟರು, ಅವಳೇ ಓಡಿಸಿದಳು. ಅತ್ತೆಯ ಮನೆಯಲ್ಲಿ ಸುಲಿದ ಅಡಿಕೆಯ ರಾಶಿಯ ಪಕ್ಕ ಕೂತು ನೀರುದೋಸೆ ತಿಂದೆವು. ಅತ್ತೆ ನನ್ನ ತಲೆ ಸವರಿ, “ಅಕ್ಕನದ್ದು ಆಯ್ತಲ್ಲ, ಇನ್ನು ನಿನಗೊಬ್ಬಳನ್ನು ನೋಡುದು” ಎಂದರು. ನಾನು ನಕ್ಕೆ. ಅಕ್ಕ ನನ್ನನ್ನು ಗಮನಿಸಿದ್ದಳು.

ವಾಪಸು ಬರುವಾಗ, ಉಪ್ಪಿನಂಗಡಿ ಇನ್ನೂ ದೂರ ಇರುವಾಗಲೇ, ರಸ್ತೆ ಬದಿಯ ಬೊಂಡದ, ಅಂದರೆ ಎಳನೀರಿನ, ಅಂಗಡಿಯ ಹತ್ತಿರ ಸ್ಕೂಟರು ನಿಲ್ಲಿಸಿದಳು. ಅಂಗಡಿಯವರು ಎರಡು ಬೊಂಡ ಕೆತ್ತಿಕೊಟ್ಟು ಫೋನಿನಲ್ಲಿ ಮಾತಾಡುತ್ತ ಆಚೆ ಹೋದರು.

“ಎಂತ ಆಗಿದೆ ನಿನಗೆ?” ಎಂದಳು ಅಕ್ಕ. “ಸುಮಾರು ಸಮಯದಿಂದ ನೋಡ್ತಾ ಇದ್ದೇನೆ. ಯಾರಾದರೂ ಹುಡುಗಿ ಉಂಟಾ? ಅವಳು ಕೋಲ್ಕತ್ತಕ್ಕೆ ಹೋಗುದಾ?”

“ಹುಡುಗಿ ಇಲ್ಲ ಅಕ್ಕ.”

“ಮತ್ತೆ?”

“ನನಗೆ ಹುಡುಗಿಯರ ಮೇಲೆ ಮನಸ್ಸಾಗುದೇ ಇಲ್ಲ. ಹುಡುಗರ ಮೇಲೆ ಆಗುದು. ಮೊದಲಿಂದಲೂ ಹಾಗೆಯೇ.”

ಹೇಳಿಯಾಯಿತು. ಒಂದು ಲಾರಿ ಹೋಯಿತು. ಅಕ್ಕ ಬೊಂಡವನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು, ಕುಡಿಯಲಿಲ್ಲ. ಆಮೇಲೆ ಕೇಳಿದಳು, “ಅದು ಖಂಡಿತವಾ?”

“ಖಂಡಿತ.”

“ಡಾಕ್ಟರಿಗೆ ತೋರಿಸುವಂಥದ್ದು ಅಲ್ಲ ಅದು ಅಂತ ನನಗೆ ಗೊತ್ತುಂಟು. ನಾನು ಹಾಗೆ ಹೇಳುದಿಲ್ಲ.” ಅಷ್ಟು ಹೇಳುವಷ್ಟರಲ್ಲಿ ಅವಳ ಧ್ವನಿ ಒಡೆಯಿತು. “ಇಷ್ಟು ವರ್ಷ ಒಬ್ಬನೇ ಇಟ್ಟುಕೊಂಡಿದ್ದೀಯಲ್ಲ ಮಾರಾಯ.”

ನಾನೂ ಅಳುತ್ತಿದ್ದೆ. ಅವಳು ಚೂಡಿದಾರದ ಶಾಲಿನಿಂದ ನನ್ನ ಮುಖ ಒರೆಸಿದಳು. ಕಂಡಕ್ಟರಿನ ಸಂಗತಿ, ಕೋಲ್ಕತ್ತ ಯಾಕೆ ಎಂಬ ಸಂಗತಿ, ಎಲ್ಲವನ್ನೂ ಹೇಳಿದೆ. ಅವಳು ತಲೆಯಾಡಿಸುತ್ತ ಕೇಳಿದಳು.

“ಹಾಗಾದರೆ ನೀನು ಕೋಲ್ಕತ್ತಕ್ಕೇ ಹೋಗು” ಎಂದಳು. “ಅಪ್ಪನ ಹತ್ತಿರ ನಾನು ಮಾತಾಡ್ತೇನೆ.”

ಆ ಕ್ಷಣದಲ್ಲಿ ನನಗಾದ ಸಂತೋಷ ದೊಡ್ಡದು. ಎದೆಯೊಳಗೆ ಗಾಳಿ ಬಂದ ಹಾಗಾಯಿತು. ಅದು ಬಹಳ ಹೊತ್ತು ಉಳಿಯಲಿಲ್ಲ. ಸ್ಕೂಟರಿನ ಕೀ ತಿರುಗಿಸುವ ಮೊದಲು ಅವಳು ನನ್ನ ಕಡೆ ನೋಡದೆ ಹೇಳಿದಳು:

“ಆದರೆ ಮದುವೆಯ ಮೊದಲು ಯಾರಿಗೂ ಹೇಳುದು ಬೇಡ. ಮದುವೆಯ ನಂತರವೂ… ಅವರ ಮನೆ ಹೇಗೆ ಅಂತ ನಿನಗೆ ಗೊತ್ತಿಲ್ಲ. ಅತ್ತೆ, ದೊಡ್ಡಪ್ಪ, ಚಿಕ್ಕಪ್ಪ, ಎಲ್ಲ ಒಂದೇ ಜಾಗದಲ್ಲಿ ಇರುದು. ಗೊತ್ತಾದರೆ ನನ್ನನ್ನು ಹೇಗೆ ನೋಡ್ತಾರೆ ಹೇಳು. ನೀನು ಮಂಗಳೂರಿನಲ್ಲಿ ಇದ್ದರೆ ಒಂದಲ್ಲ ಒಂದು ದಿನ ಗೊತ್ತಾಗ್ತದೆ. ದೂರ ಇರು. ನಿನಗೂ ಒಳ್ಳೆದು, ನನಗೂ ಒಳ್ಳೆದು.”

ನಾನು “ಆಯ್ತು” ಎಂದೆ.

ಆ ಸಂಜೆ ಅಕ್ಕ ಅಪ್ಪನನ್ನು ಒಪ್ಪಿಸಿದಳು. ಅವಳು ಎಷ್ಟು ಚೆನ್ನಾಗಿ ಮಾತಾಡಿದಳು! ಕೋಲ್ಕತ್ತದ ಯೂನಿವರ್ಸಿಟಿಗೆ ಎಷ್ಟು ಹೆಸರು, ಅಲ್ಲಿ ಸೀಟು ಸಿಗುವುದು ಎಷ್ಟು ಕಷ್ಟ, ಅವಳ ಆಸ್ಪತ್ರೆಯ ಡಾಕ್ಟರ ಮಗನೂ ಅಲ್ಲೇ ಓದಿದ್ದು, ಇಂಥ ಅವಕಾಶ ಬಿಟ್ಟರೆ ತಮ್ಮ ಜೀವನಪೂರ್ತಿ ನಮ್ಮನ್ನು ದೂರುತ್ತಾನೆ. ಅಪ್ಪ ಸೋಲುತ್ತ ಬಂದರು. ನಾನು ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತು ಕೇಳುತ್ತಿದ್ದೆ. ನಿನ್ನೆಯವರೆಗೆ ಆ ಊರು ನನ್ನದಾಗಿತ್ತು, ಕದ್ದುಮುಚ್ಚಿ ನಾನೇ ಹುಡುಕಿಕೊಂಡದ್ದು. ಈಗ ಒಬ್ಬರು ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಊರು ಅದೇ, ಹೋಗುವವನೂ ನಾನೇ. ಆದರೂ ಹೋಗುವ ಮನಸ್ಸೇ ಮುರಿಯಿತು.

ಹೊರಗೆ ಬಂದು, “ಅಪ್ಪ, ಮಂಗಳೂರೇ ಆದೀತು. ನಿಮಗೂ ಸಮಾಧಾನ” ಎಂದುಬಿಟ್ಟೆ.

ಅಪ್ಪನ ಮುಖ ಅರಳಿತು. ನಾನು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತಾಗ ಅಕ್ಕ ಹಿಂದೆಯೇ ಬಂದಳು.

“ಯಾಕೆ ಹಾಗೆ ಹೇಳಿದ್ದು?”

“ನನಗೆ ಇಲ್ಲಿಂದ ಹೋಗ್ಬೇಕು ಅಂತ ಇತ್ತು ಅಕ್ಕ. ನನ್ನನ್ನು ಓಡಿಸ್ಬೇಕು ಅಂತ ಇರಲಿಲ್ಲ.”

“ನಾನು ಓಡಿಸುದಾ?” ಅವಳ ಕಣ್ಣು ತುಂಬಿತು. “ನೀನೇ ಆರಿಸಿದ ಊರಲ್ವಾ ಅದು? ನಾನು ಹೂಂ ಅಂದದ್ದೇ ತಪ್ಪಾಯ್ತಾ? ನನ್ನ ಬಗ್ಗೆಯೂ ಸ್ವಲ್ಪ ಯೋಚನೆ ಮಾಡು ತಮ್ಮ. ಇಷ್ಟೆಲ್ಲ ಆಗಿ ಇದೊಂದು ಸಂಬಂಧ ಕೂಡಿಬಂದದ್ದು.”

ಅದಕ್ಕಿಂತ ಮೊದಲು ಎರಡು ಕಡೆಯವರು ಬಂದು ನೋಡಿ, ಬಾಡಿಗೆ ಮನೆ ಎಂದು ಬೇಡ ಅಂದಿದ್ದರು. ಅದು ನನಗೆ ಗೊತ್ತಿತ್ತು. ರಾತ್ರಿ ಊಟದ ಹೊತ್ತಿಗೆ, ಕೋಲ್ಕತ್ತಕ್ಕೇ ಹೋಗುತ್ತೇನೆ ಎಂದು ಅಪ್ಪನಿಗೆ ಮತ್ತೆ ಹೇಳಿದೆ. ಮರುದಿನ ಅವಳು ಕೆಲಸಕ್ಕೆ ಹೊರಡುವ ಮೊದಲು ನನ್ನ ಪಕ್ಕದಲ್ಲೇ ಕೂತಳು. ಲ್ಯಾಪ್‌ಟಾಪಿನಲ್ಲಿ ಕೋಲ್ಕತ್ತದ ಸೀಟನ್ನು ಒಪ್ಪಿಕೊಂಡೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು, “ಒಳ್ಳೆದಾಗ್ತದೆ” ಎಂದಳು. ಅವಳು ಮನಸಾರೆ ಹೇಳಿದ್ದು ಅದು. ಅದರ ಬಗ್ಗೆ ನಾನು ಯಾವತ್ತೂ ಸಂಶಯಪಟ್ಟಿಲ್ಲ.

ಹೊರಡುವ ದಿನ ಅಪ್ಪ ರಜೆ ಹಾಕಿ ಮಂಗಳೂರಿನ ರೈಲ್ವೆ ಸ್ಟೇಷನ್ನಿನವರೆಗೆ ಬಂದರು. ಬಸ್ಸಿನಲ್ಲಿ ಡ್ರೈವರಿಗೂ ಕಂಡಕ್ಟರಿಗೂ, “ಮಗ. ಕೋಲ್ಕತ್ತಕ್ಕೆ ಹೋಗುದು, ಎಂ.ಟೆಕ್.ಗೆ” ಎಂದು ಹೇಳಿದರು. ಬಿ.ಸಿ. ರೋಡಿನಲ್ಲಿ ಹತ್ತಿದ ಪರಿಚಯದವರೊಬ್ಬರಿಗೂ ಹೇಳಿದರು. ಪ್ಲಾಟ್‌ಫಾರ್ಮಿನಲ್ಲಿ ನನ್ನ ಬ್ಯಾಗನ್ನು ಸೀಟಿನ ಕೆಳಗೆ ತಳ್ಳಿ, ಸರಪಳಿ ಹಾಕಿ, ಎರಡು ಸಲ ಎಳೆದು ನೋಡಿದರು. ರೈಲು ಹೊರಡುವಾಗ ಕಿಟಕಿಯ ಸರಳು ಹಿಡಿದುಕೊಂಡು, “ಬಸ್ಸು ಹೋಗುವ ಊರು ಆಗಿದ್ದರೆ ನಾನೇ ಬಿಟ್ಟು ಬರ್ತಿದ್ದೆ” ಎಂದರು. ಅಂದು ಜಗಲಿಯಲ್ಲಿ ಅವರು ಕೇಳಿದ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ.

ಕೋಲ್ಕತ್ತದಲ್ಲಿ ನಾನು ಹುಡುಕಿ ಹೋದದ್ದು ಸಿಕ್ಕಿತು. ಇದನ್ನು ಹೇಳದಿದ್ದರೆ ಆ ಊರಿಗೆ ಅನ್ಯಾಯವಾಗುತ್ತದೆ. ಮೊದಲ ತಿಂಗಳಲ್ಲೇ ಆ ವಿದ್ಯಾರ್ಥಿಗಳ ಗುಂಪಿಗೆ ಹೋದೆ. ಒಂದು ಖಾಲಿ ಕ್ಲಾಸ್‌ರೂಮಿನಲ್ಲಿ ಬೆಂಚುಗಳನ್ನು ದುಂಡಗೆ ಜೋಡಿಸಿ ಕೂತಿದ್ದರು. ಅಲ್ಲಿ ‘ಗೇ’ ಎಂಬ ಮಾತನ್ನು ಜನ ನಗದೆ ಹೇಳುತ್ತಿದ್ದರು, ಜ್ವರ ಬಂದಿದೆ, ಹಸಿವಾಗಿದೆ ಎಂದು ಹೇಳುವಷ್ಟೇ ಸಲೀಸಾಗಿ. ನಾನೂ ಹೇಳಿದೆ. ಏನೂ ಆಗಲಿಲ್ಲ. ಒಬ್ಬಳು ಬಿಸ್ಕತ್ತಿನ ಪ್ಯಾಕೆಟ್ಟನ್ನು ನನ್ನ ಕಡೆ ದಾಟಿಸಿದಳು.

ಆಮೇಲೆ ಯಾರೋ ಕೇಳಿದರು, ಮನೆಯಲ್ಲಿ ಗೊತ್ತಾ?

“ಅಕ್ಕನಿಗೆ ಗೊತ್ತು” ಎಂದೆ. “ನಾನು ಇಲ್ಲಿಗೆ ಬರಲು ಅವಳೇ ಸಹಾಯ ಮಾಡಿದ್ದು.”

ಅವರೆಲ್ಲ ಚಪ್ಪಾಳೆ ತಟ್ಟಿದರು. ಅಂಥ ಅಕ್ಕ ಎಲ್ಲರಿಗೂ ಇರಬೇಕು ಎಂದ ಒಬ್ಬ, ಮನೆಯವರು ಹೊಡೆದು ಹೊರಹಾಕಿದ ಹುಡುಗ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಸ್ಟೆಲಿಗೆ ವಾಪಸು ಹೋಗುವಾಗ ಟ್ರಾಮಿನ ಕಂಬಿಗಳ ಪಕ್ಕ ನಿಂತು ಬಹಳ ಹೊತ್ತು ಅತ್ತೆ. ಆ ಹುಡುಗನ ಎದುರು ನನ್ನ ದುಃಖವನ್ನು ದುಃಖ ಎಂದು ಹೇಗೆ ಕರೆಯುವುದು ಎಂದೂ ತಿಳಿಯಲಿಲ್ಲ.

ಅಕ್ಕನ ಮದುವೆ ಸುಳ್ಯದ ಒಂದು ಹಾಲ್‌ನಲ್ಲಿ ಆಯಿತು. ನಾನು ಎರಡು ದಿನ ಮೊದಲು ಊರಿಗೆ ಬಂದೆ. ಹುಡುಗಿಯ ತಮ್ಮನಾಗಿ ನನಗೆ ಮಂಟಪದಲ್ಲಿ ಕೆಲಸಗಳಿದ್ದವು. ಅಕ್ಕ ಅದರಲ್ಲಿ ಕೆಲವನ್ನು ಚಿಕ್ಕಪ್ಪನ ಮಗನಿಗೆ ಹಂಚಿದ್ದಳು. “ಅವನಿಗೆ ಪ್ರಯಾಣದ ಸುಸ್ತು” ಎಂದು ಕಾರಣ ಕೊಟ್ಟಿದ್ದಳು. ನನಗೆ ಸುಸ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದೆ. ಅವಳ ಅತ್ತೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಓದು ಯಾವಾಗ ಮುಗಿಯುತ್ತದೆ, ಯಾವಾಗ ಈ ಕಡೆ ಬರುವುದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿದ್ದ ಅಕ್ಕ ಹೇಳಿದಳು:

“ಅವನಿಗೆ ಅಲ್ಲೇ ಕೆಲಸ ಸಿಗ್ತದೆ ಅತ್ತೆ. ಇನ್ನು ಈ ಕಡೆ ಬರುದಿಲ್ಲ ಅವನು.”

ನಾನು ಹಾಗೆ ಎಂದೂ ಹೇಳಿರಲಿಲ್ಲ. ಭಾವ, “ಎಂತ ಭಾವ, ನಮ್ಮನ್ನೆಲ್ಲ ಬಿಟ್ಟೇ ಹೋಗುದಾ? ರಜೆಯಲ್ಲಾದರೂ ಬಂದು ನಮ್ಮಲ್ಲಿ ನಿಲ್ಲು ಮಾರಾಯ, ಹೊಳೆಗೆ ಹೋಗುವ” ಎಂದು ನನ್ನ ಹೆಗಲಿಗೆ ಕೈ ಹಾಕಿದರು. ನಮ್ಮ ಕಡೆ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಅಕ್ಕ ಬಳೆ ಸರಿ ಮಾಡಿಕೊಳ್ಳುತ್ತಿದ್ದಳು. ಅವಳು ಅಷ್ಟು ಸುಂದರವಾಗಿ ಕಂಡದ್ದನ್ನು ನಾನು ಮತ್ತೆ ನೋಡಿಲ್ಲ.

ಎಂ.ಟೆಕ್. ಮುಗಿಯುವ ಹೊತ್ತಿಗೆ ಮತ್ತೊಮ್ಮೆ ಊರು ಆರಿಸುವ ಸಮಯ ಬಂತು. ಪಿಎಚ್.ಡಿ.ಗೆ ಕೋಲ್ಕತ್ತದಲ್ಲೇ ಉಳಿಯಬಹುದಿತ್ತು, ಮಂಗಳೂರಿನ ಕಡೆಯೂ ಅವಕಾಶವಿತ್ತು. ತುಳುವಿನ ಮೇಲೆ ಕೆಲಸ ಮಾಡಬೇಕೆಂದಿದ್ದ ನನಗೆ ಮಂಗಳೂರೇ ಸರಿ ಎಂದು ಕೋಲ್ಕತ್ತದ ಪ್ರೊಫೆಸರೇ ಹೇಳಿದರು. ಅಮ್ಮನ ಬೆನ್ನುನೋವು ಹೆಚ್ಚಾಗಿತ್ತು, ಬೀಡಿ ಕಟ್ಟುವುದನ್ನು ಬಿಟ್ಟಿದ್ದಳು. ಅಪ್ಪ ನಿವೃತ್ತಿಯ ಮಾತಾಡುತ್ತಿದ್ದರು. ಅಕ್ಕನಿಗೆ ಫೋನು ಮಾಡಿ ಕೇಳಿದೆ. ಅವಳು ಆಗ ಬಸುರಿ.

“ಬರುದಾ?” ಎಂದಳು. “ಅಲ್ಲಿ ನಿನಗೆ ಒಳ್ಳೆದಾಗಿಯೇ ಉಂಟಲ್ವಾ?”

ನಾನು ಕೋಲ್ಕತ್ತದಲ್ಲೇ ಉಳಿದೆ.

ಮಗುವಿಗೆ ಹೆಸರಿಡುವ ದಿನ ಸುಳ್ಯಕ್ಕೆ ಹೋಗಿ, ಅಂದೇ ಸಂಜೆ ಪುತ್ತೂರಿಗೆ ಮರಳಿದೆ. ಅದಾಗಿ ಕೆಲವು ತಿಂಗಳ ನಂತರ ಭಾವ ಫೋನು ಮಾಡಿದರು. ಹವಾಮಾನ, ಕೆಲಸ ಎಲ್ಲ ಮಾತಾಡಿ ಕೊನೆಗೆ, ಸಂಕೋಚದಿಂದ ಕೇಳಿದರು:

“ಭಾವ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ನಮ್ಮ ಮನೆ ನಿನಗೆ ಹಿಡಿಸುದಿಲ್ಲ ಅಂತ ನಿನ್ನ ಅಕ್ಕ ಹೇಳುದು. ನಮ್ಮಿಂದ ಎಂತಾದರೂ ತಪ್ಪಾಗಿದೆಯಾ?”

“ಇಲ್ಲ ಭಾವ. ಹಾಗೆಂತ ಇಲ್ಲ. ಕೆಲಸ ಜಾಸ್ತಿ, ಅಷ್ಟೆ” ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಅದೇ ದಿನ ಅಕ್ಕನಿಗೆ ಫೋನು ಮಾಡಿದೆ. “ಭಾವನ ಹತ್ತಿರ ಯಾಕೆ ಹಾಗೆ ಹೇಳಿದ್ದು?”

“ಮತ್ತೆ ಎಂತ ಹೇಳಲಿ, ನೀನೇ ಹೇಳು” ಎಂದಳು. ನಾನು ಫೋನು ಇಡಬೇಕೆಂದಿದ್ದಾಗ ಕೇಳಿದಳು, “ಅಲ್ಲಿ ನಿನಗೆ ಯಾರಾದರೂ ಇದ್ದಾರಾ?”

“ಇದ್ದಾನೆ. ಶಾಲೆಯಲ್ಲಿ ಗಣಿತ ಕಲಿಸುದು ಅವನು. ಈಗ ಒಟ್ಟಿಗೇ ಇರುದು ನಾವು.”

“ಅಡಿಗೆ ಬರ್ತದಾ ಅವನಿಗೆ?”

ನನಗೆ ನಗು ಬಂತು. “ನನಗಿಂತ ಚೆನ್ನಾಗಿ ಬರ್ತದೆ.”

“ಹಾಗಾದರೆ ಸರಿ” ಎಂದು ಅವಳೂ ನಕ್ಕಳು. ನಗುತ್ತ ನಗುತ್ತಲೇ ಅಳತೊಡಗಿದಳು. “ಒಂದು ಸಲ ನಾನೇ ಬರ್ತೇನೆ ಅಲ್ಲಿಗೆ. ನೋಡ್ತಾ ಇರು.”

ಅವಳು ಇನ್ನೂ ಬಂದಿಲ್ಲ. ನಾನು ವರ್ಷಕ್ಕೊಮ್ಮೆ ದರ್ಬೆಗೆ ಹೋಗುತ್ತೇನೆ, ಸುಳ್ಯಕ್ಕೆ ಹೋಗುವುದಿಲ್ಲ. ಕಳೆದ ಸಲ ಅವಳೇ ಮಗಳನ್ನು ಕರೆದುಕೊಂಡು ಬೆಳಿಗ್ಗೆ ಬಂದಿದ್ದಳು. ಅಮ್ಮ ಬಂಗುಡೆ ಮೀನಿನ ಸಾರು ಮಾಡಿದ್ದಳು. ಊಟವಾದ ಮೇಲೆ ಮಗು ನನ್ನ ಮಡಿಲಲ್ಲಿ ನಿದ್ದೆ ಹೋಯಿತು. ನಾನು ಅಲುಗಾಡದೆ ಕೂತಿದ್ದೆ. ಅಕ್ಕ ಎದುರು ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು, ಏನೋ ಹೇಳುತ್ತಾಳೆ ಅನ್ನಿಸಿತು. ಅಷ್ಟರಲ್ಲಿ ಅಪ್ಪ ಒಳಗಿನಿಂದ, “ಈಗ ಹೊರಟರೆ ಮೂರೂವರೆಯ ಬಸ್ಸು ಸಿಗ್ತದೆ” ಎಂದರು. ಅವಳು ಎದ್ದು, ಮಗು ಎಚ್ಚರವಾಗದ ಹಾಗೆ ಮೆಲ್ಲ ನನ್ನ ಮಡಿಲಿನಿಂದ ಎತ್ತಿಕೊಂಡು ಹೊರಟಳು.